ಕೈ ನೋಡಿದ ಹ್ಯಾಟೆ

ಲೋಕ ಆಗಿನ್ನೂ ಕುಂಬಾರನ ಆವಿಗೆಯಿಂದ ತೆಗೆದ ಗಡಿಗೆಯ ಹಾಗಿತ್ತು. ಮುಟ್ಟಿದರೆ ಬಿಸಿ. ಬೆಟ್ಟಗಳ ಅಂಚು ಸವೆದಿರಲಿಲ್ಲ. ಯಾವ ಕಡೆಗೆ ಹರಿಯಬೇಕು ಅನ್ನುವುದು ಹಳ್ಳಕ್ಕೆ ಆಗಷ್ಟೇ ತಿಳಿದಿತ್ತು.

ಆಗ ಎಲ್ಲಕ್ಕೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಹಳ್ಳ ಮಾತಾಡುತ್ತಿತ್ತು. ಕೋಳಿಯೂ ಮಾತಾಡುತ್ತಿತ್ತು.

ಆಗಿನ ಕೋಳಿ ಅಂದರೆ ಕೋಳಿ. ಹುಂಜ ನಿಂತರೆ ಆಳಿನ ತೊಡೆಗೆ ಬರುತ್ತಿತ್ತು. ಮೊಟ್ಟೆಯಿಡುವ ಹ್ಯಾಟೆಯನ್ನು ಎತ್ತಬೇಕಾದರೆ ಎರಡು ಕೈ ಬೇಕಿತ್ತು. ಮೊಟ್ಟೆಯೋ, ಬೇಲದ ಕಾಯಿಯಷ್ಟು.

ಮೈ ಎಷ್ಟು ದೊಡ್ಡದೋ ನಂಬಿಕೆಯೂ ಅಷ್ಟೇ ದೊಡ್ಡದು. ಹಿಡಿ ರಾಗಿ ಚಾಚಿದರೆ ಸಾಕು. ಬಾ ಅನ್ನುವುದೂ ಬೇಡ. ಓಡಿ ಬಂದು ಅಂಗೈಯಲ್ಲೇ ಕುಕ್ಕಿ ತಿನ್ನುತ್ತಿತ್ತು. ಯಾರ ಕೈ, ಯಾಕೆ ಚಾಚಿತು, ಏನೂ ಕೇಳುತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಜವರ ಅಂತ ಒಬ್ಬ ಇದ್ದ. ಅವನ ಹೆಂಡತಿ ದೇವೀರಿ. ಮದುವೆಯಾಗಿ ಬರುವಾಗ ಅವಳು ತಲೆಯ ಮೇಲೆ ಒಂದು ಬಿದಿರು ಮಂಕರಿ ಹೊತ್ತು ಬಂದಿದ್ದಳು. ಮಂಕರಿಯೊಳಗೆ ಒಂದು ಹುಂಜ, ಒಂದು ಹ್ಯಾಟೆ. ಅವಳ ಅಪ್ಪ ಕೊಟ್ಟ ಬಳುವಳಿ.

ಆ ಜೋಡಿಯಿಂದ ಹಟ್ಟಿ ತುಂಬ ಕೋಳಿಯಾಯಿತು. ಒಂದಕ್ಕಿಂತ ಒಂದು ಚೆಂದ.

ನೆಂಟರು ಬಂದರೆ ಜವರ ಕೈಯಲ್ಲಿ ರಾಗಿ ಹಿಡಿದು ಹಟ್ಟಿಗೆ ಇಳಿಯುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಕೋಳಿ ಎಲ್ಲಕ್ಕಿಂತ ಮುಂಚೆ ಓಡಿ ಬರುತ್ತಿತ್ತು. ಜವರ ಅದಕ್ಕೆ ಕೈ ಹಾಕುತ್ತಿದ್ದ.

ಒಲೆಯ ಮುಂದಿನಿಂದ ದೇವೀರಿ ತಿರುಗದೆಯೇ ಅನ್ನುತ್ತಿದ್ದಳು. "ಅದಲ್ಲ."

"ಮತ್ಯಾವುದು?"

ಅವಳು ಗದ್ದ ಎತ್ತಿ ತೋರಿಸುತ್ತಿದ್ದಳು. "ಅದು."

ಅದು ಅಂದರೆ ಕುಂಟುವುದು. ಇಲ್ಲವೇ ಮುದಿಯಾದದ್ದು. ಇಲ್ಲವೇ ತನ್ನ ಮೊಟ್ಟೆ ತಾನೇ ಕುಕ್ಕಿ ಕುಡಿಯುವ ಕಳ್ಳಿ.

"ಜುಗ್ಗಿ," ಅಂತ ಜವರ ನಗುತ್ತಿದ್ದ. "ನಿನ್ನ ಕೈ ಸಾರು ತಿಂದವರು ಹಲ್ಲು ಹುಡುಕ್ಕೊಂಡು ಹೋಗ್ತಾರೆ."

"ಹೋಗ್ಲಿ," ಅನ್ನುತ್ತಿದ್ದಳು ದೇವೀರಿ. ಅಷ್ಟೇ. ಹೆಚ್ಚು ಮಾತಿನವಳಲ್ಲ.

ಒಂದು ದಿನ ದೇವೀರಿ ಮಲಗಿದಳು. ಏಳಲಿಲ್ಲ.

ಸಾವು ಲೋಕಕ್ಕೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಜನಕ್ಕೆ ಅದರ ರೂಢಿ ಇರಲಿಲ್ಲ. ಏನು ಮಾಡಬೇಕು ಅಂತ ಜವರನಿಗೆ ತಿಳಿಯಲಿಲ್ಲ. ಒಲೆಯ ಮುಂದೆ ಎರಡು ಮಣೆ ಇದ್ದವು. ಒಂದನ್ನು ಎತ್ತಿ ಗೋಡೆಗೆ ಒರಗಿಸಿದ.

ಮನೆಯಲ್ಲಿ ಸದ್ದಿಲ್ಲ. ಸದ್ದಿಲ್ಲದ ಮನೆಯಲ್ಲಿ ಮುದ್ದೆ ಗಂಟಲಿಗೆ ಇಳಿಯುವುದಿಲ್ಲ.

ಅವನು ದಾರಿಗೆ ಹೋಗಿ ನಿಂತ. ಹೋಗುವವರನ್ನು ಕರೆದ. "ಬನ್ನಿ, ಉಂಡು ಹೋಗಿ." ಬಂದವರಿಗೆ ಕೋಳಿ ಕೊಯ್ದ. ಯಾವ ಕೋಳಿ? ಮುಂದೆ ಬಂದದ್ದು, ಕೈಗೆ ಸಿಕ್ಕಿದ್ದು, ಎಲ್ಲಕ್ಕಿಂತ ದೊಡ್ಡದು. ಅದಲ್ಲ ಅನ್ನುವವರು ಈಗ ಯಾರೂ ಇರಲಿಲ್ಲ.

ಉಣ್ಣುವ ತನಕ ಮನೆಯಲ್ಲಿ ಮಾತು. ಕೈ ತೊಳೆದು ಹೋದರೆ ಮತ್ತೆ ಸದ್ದಿಲ್ಲ. ಜವರ ಮತ್ತೆ ದಾರಿಗೆ ಹೋಗಿ ನಿಲ್ಲುತ್ತಿದ್ದ.

"ಜವರನ ಕೈ ದೊಡ್ಡ ಕೈ," ಅಂದರು ಜನ.

ಮಳೆಗಾಲ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಒಂದು ಸಂಜೆ ಜವರ ಕೋಳಿಗಳಿಗೆ ಮಂಕರಿ ಕವುಚುತ್ತಿದ್ದ. ಒಂದು ಮಂಕರಿಗೆ ಒಂದು ಹ್ಯಾಟೆ ಹಿಡಿಸುತ್ತಿದ್ದ ಕಾಲವಿತ್ತು. ಈಗ ನೋಡಿದರೆ ಒಂದೇ ಮಂಕರಿಯೊಳಗೆ ಒಂದು ಹಿಂಡು ಕೂತಿದೆ. ಒಂದನ್ನು ಎತ್ತಿದ. ಒಂದೇ ಕೈಗೆ ಬಂತು. ಬರೀ ಪುಕ್ಕ. ಎದೆಮೂಳೆ ಬೆರಳಿಗೆ ಚುಚ್ಚಿತು.

ಮೊಟ್ಟೆ ನೋಡಿದ. ನಿಂಬೆಕಾಯಿಯಷ್ಟು.

ಜವರ ಮಂಕರಿಯ ಪಕ್ಕದಲ್ಲೇ ಕುಕ್ಕರಿಸಿದ. ದೇವೀರಿ ತಂದ ಕೋಳಿ ಇವು. ಅವಳದು ಅಂತ ಲೋಕದಲ್ಲಿ ಉಳಿದದ್ದು ಇಷ್ಟೇ. ಇದೂ ಕರಗುತ್ತಿದೆ. ಕಾಳು ಹಾಕುತ್ತಿದ್ದೇನೆ, ನೀರು ಇಡುತ್ತಿದ್ದೇನೆ. ಆದರೂ ಕರಗುತ್ತಿದೆ.

"ಯಾರೋ ಕದೀತಿದ್ದಾರೆ," ಅಂದುಕೊಂಡ. "ಕೋಳಿ ಬಿಟ್ಟು ಕೋಳಿಯ ಮೈ ಕದೀತಿದ್ದಾರೆ."

ಅವತ್ತಿನಿಂದ ಜವರನ ಕಣ್ಣು ಓರೆಯಾಯಿತು. ಮರ ಅಲ್ಲಾಡಿದರೆ ಯಾಕೆ ಅಲ್ಲಾಡಿತು ಅಂತ ನೋಡುತ್ತಿದ್ದ. ನೆರಳು ಬಿದ್ದರೆ ಯಾರದು ಅಂತ ನೋಡುತ್ತಿದ್ದ.

ಬೆಳಗ್ಗೆ ಗಾಳಿ ಹಟ್ಟಿಯ ಬೇಲಿ ಹಾರಿ ಬಂತು. ತಿಪ್ಪೆಯ ಮೇಲೆ ಒಂದು ಸುತ್ತು ಹಾಕಿತು.

"ನಿಲ್ಲು," ಅಂದ ಜವರ. "ದಿನಾ ಬರ್ತೀಯ. ಏನು ಒಯ್ತೀಯ?"

"ಪುಕ್ಕ," ಅಂತು ಗಾಳಿ. "ನಿನ್ನ ತಿಪ್ಪೆ ಮೇಲೆ ಬಿದ್ದಿರೋದು."

"ಬರೀ ಪುಕ್ಕಾನಾ? ಮೈ ಒಯ್ಯಲ್ವಾ?"

"ಮೈ ನನ್ನ ಕೈಲಿ ಎತ್ತೋಕಾಗುತ್ತಾ? ನೋಡು ಮಾರಾಯ, ಹೋದ ವರ್ಷ ಎಂಥ ಪುಕ್ಕ ಬೀಳ್ತಿದ್ದವು! ಮೊಳದುದ್ದ, ಬಿಸಿಲಿಗೆ ಹಿಡಿದರೆ ಬಣ್ಣ ಬಣ್ಣ. ಈ ವರ್ಷ ಬೀಳೋದು ಸಗಣಿ ಬಣ್ಣದ ಚೂರು. ಒಳ್ಳೇ ಪುಕ್ಕದವು ಎಲ್ಲಿ ಹೋದವು ಅಂತ ನಾನೇ ಕೇಳೋಣ ಅಂತಿದ್ದೆ."

ಹೀಗಂದು ಗಾಳಿ ಸರ್ರನೆ ಹೋಯಿತು.

ಏನೋ ಮುಚ್ಚಿಡುತ್ತಿದೆ, ಅಂದುಕೊಂಡ ಜವರ. ಇಲ್ಲದಿದ್ದರೆ ಅಷ್ಟು ಅವಸರ ಯಾಕೆ?

ಹಳ್ಳದ ಹತ್ತಿರ ಹೋದ. ಕೋಳಿ ಕುಡಿಯುವ ನೀರು ಅದೇ. ಬಗ್ಗಿ ನೀರನ್ನು ಮೂಸಿದ.

"ಏನು ಮೂಸ್ತೀಯ?" ಅಂತು ಹಳ್ಳ.

"ನನ್ನ ಕೋಳಿ ಸಣ್ಣಗಾಗ್ತಿವೆ. ನೀರಿಗೆ ಏನು ಕಲಸಿದ್ದೀಯ?"

"ನಾನೇನು ಕಲಸಲಿ? ನೀನೇ ಕಲಸೋದು. ನಿನ್ನ ಮನೆ ಗಡಿಗೆ ತೊಳೆದ ನೀರು ನನ್ನ ಮೈಮೇಲೇ ಬರೋದು. ಏನು ಜಿಡ್ಡಪ್ಪ ಅದು! ಆಯಮ್ಮ ಇದ್ದಾಗ ಇಷ್ಟು ಜಿಡ್ಡು ಬರ್ತಿರಲಿಲ್ಲ."

"ಅವಳ ಮಾತು ಎತ್ತಬೇಡ," ಅಂದ ಜವರ.

ಹಳ್ಳ ಸುಮ್ಮನಾಯಿತು. ಸುಮ್ಮನಾದದ್ದೂ ಅವನಿಗೆ ಸಂಶಯವೇ.

ಹಿಂದಿರುಗುವಾಗ ಬೇಲಿಯ ಸಂದಿಯಲ್ಲಿ ಮುಂಗುಸಿ ಮೂತಿ ತೂರಿಸಿತ್ತು. ಜವರ ಅದರ ಬಾಲ ಹಿಡಿದುಬಿಟ್ಟ.

"ಸಿಕ್ಕಿದೆ ಕಳ್ಳ!"

"ಅಯ್ಯಯ್ಯೋ, ಬಿಡಣ್ಣ! ಬಾಲ ಕಿತ್ತೋಗುತ್ತೆ! ನಾನು ಸುಳ್ಳು ಹೇಳಲ್ಲ. ತಿಂದಿದ್ದೀನಿ. ಮೊನ್ನೆ ಒಂದು ಕೋಳಿ ಪಿಳ್ಳೆ ತಿಂದಿದ್ದೀನಿ. ಅದಕ್ಕೆ ಓಡೋಕೆ ಬರ್ತಿರಲಿಲ್ಲ."

"ಮಿಕ್ಕಿದ್ದು?"

"ಮಿಕ್ಕಿದ್ದು ನಂಗೆ ಸಿಗಬೇಕಲ್ಲ? ನಂಗೆ ಸಿಗೋದು ಕುಂಟಂದು, ಕುರುಡಂದು, ಕಾಯಿಲೇದು. ನಾನು ತಿಂದರೆ ಹಟ್ಟಿ ಚೊಕ್ಕಟ ಆಗುತ್ತೆ ಹೊರತು ಸಣ್ಣದಾಗಲ್ಲ. ನಿನ್ನ ದೊಡ್ಡ ಹುಂಜದ ಹತ್ರ ನಾನು ಹೋಗಿದ್ದರೆ ನನ್ನ ಕಣ್ಣು ಕಿತ್ತು ಕೈಗೆ ಕೊಡ್ತಿತ್ತು. ದೊಡ್ಡದು ಯಾರ ಕೈಗೆ ಸಿಗುತ್ತೋ ಅವರನ್ನ ಹೋಗಿ ಹಿಡ್ಕೋ."

ಜವರ ಬಾಲ ಬಿಟ್ಟ. ಮುಂಗುಸಿ ಒಂದೇ ನೆಗೆತಕ್ಕೆ ಮಾಯವಾಯಿತು.

ದೊಡ್ಡದು ಯಾರ ಕೈಗೆ? ಜವರ ಯೋಚಿಸಿದ. ದೊಡ್ಡ ಕೋಳಿ ಈಗ ಯಾರ ಹಟ್ಟಿಯಲ್ಲಿದೆ? ಹಳ್ಳದ ಆಚೆ ಮಂಚವ್ವನ ಹಟ್ಟಿಯಲ್ಲಿ.

ಮಂಚವ್ವ ದೇವೀರಿಯ ತಂಗಿ. ಅವಳ ಗುಡಿಸಲಿಂದ ಹುಂಜ ಕೂಗಿದರೆ ಬೆಟ್ಟ ಮಾರುತ್ತರ ಕೊಡುತ್ತಿತ್ತು. ಜವರನ ಹುಂಜ ಕೂಗಿದರೆ ಬಾಗಿಲ ತಿರುಗಣೆ ಕಿರುಗುಟ್ಟಿದ ಹಾಗಿತ್ತು.

"ಅವಳೇ," ಅಂದ ಜವರ. ಮೀಸೆ ತಿರುವಿಕೊಂಡು ಹಳ್ಳ ದಾಟಿದ.

ಮಂಚವ್ವ ಕಾವಿಗೆ ಕೂತ ಹ್ಯಾಟೆಗೆ ನೀರು ಇಡುತ್ತಿದ್ದಳು. ಭಾವನ ಮುಖ ನೋಡಿ ಸೆರಗು ಕೊಡವಿಕೊಂಡು ಎದ್ದಳು.

"ಏನು ಭಾವ, ಹುಳಿ ಮಜ್ಜಿಗೆ ಕುಡಿದವನ ಹಾಗೆ ಬಂದೆ?"

"ನಿನ್ನ ಕೋಳಿ ಯಾಕಿಷ್ಟು ದೊಡ್ಡವು?"

"ತಿಂತವೆ, ಬೆಳೀತವೆ."

"ನನ್ನವೂ ತಿಂತವೆ. ಬೆಳೆಯಲ್ಲ. ನೀನು ಏನೋ ಮಾಡಿದ್ದೀಯ. ಮಾಟ ಮಾಡಿದ್ದೀಯೋ, ಮೊಟ್ಟೆ ಬದಲಾಯಿಸಿದ್ದೀಯೋ."

ಮಂಚವ್ವನ ಕೈ ಸೊಂಟಕ್ಕೆ ಹೋಯಿತು. "ಹೌದು ಭಾವ. ರಾತ್ರಿ ಹೊತ್ತು ಬಂದು ನಿನ್ನ ಕೋಳಿ ಮೈ ಹಿಂಡಿ ಬಿಂದಿಗೇಲಿ ತುಂಬ್ಕೊಂಡು ಬರ್ತೀನಿ. ನೋಡು, ಅಲ್ಲಿದೆ ಬಿಂದಿಗೆ. ಮುಚ್ಚಳ ತೆಗೆದು ನೋಡ್ಕೋ."

ಜವರ ನಿಜವಾಗಿ ಹೋಗಿ ಮುಚ್ಚಳ ತೆಗೆದು ನೋಡಿದ. ನೀರಿತ್ತು.

ಮಂಚವ್ವನಿಗೆ ನಗು ಬರಲಿಲ್ಲ. "ಇವು ನಮ್ಮಕ್ಕ ಕೊಟ್ಟ ಮೊಟ್ಟೆಯಿಂದ ಆದವು ಭಾವ. ನಿನ್ನ ಕೋಳೀಗೆ ಇವು ಅಣ್ಣತಮ್ಮ. ನಮ್ಮಕ್ಕನ ಕೈ ಹಿಡಿದವನು ಅಂತ ಸುಮ್ಮನಿದ್ದೀನಿ. ಬೇರೆ ಯಾರಾದರೂ ಈ ಮಾತು ಆಡಿದ್ದರೆ ಒನಕೆ ಮಾತಾಡ್ತಿತ್ತು. ಹೋಗು."

ಜವರ ಹೋದ. ಹೋಗುವಾಗ ಹಿಂದೆ ತಿರುಗಿ ತಿರುಗಿ ನೋಡಿದ.

ಆಮೇಲೆ ಅವನು ಇನ್ನಷ್ಟು ಜನರನ್ನು ಕರೆದ. ತನ್ನ ಸಂಕಟ ಕೇಳಲು ಕಿವಿ ಬೇಕಲ್ಲ. ಬಂದವರಿಗೆ ಇದ್ದದ್ದರಲ್ಲಿ ದೊಡ್ಡ ಕೋಳಿ ಕೊಯ್ದು ಬಡಿಸುತ್ತಿದ್ದ. ಬಡಿಸುತ್ತಾ ಹೇಳುತ್ತಿದ್ದ.

"ನಾದಿನಿ ಅಂತ ನಂಬಿದೆ. ಕೋಳಿ ತಳೀನೇ ಕದ್ದಳು."

"ಛೆ ಛೆ," ಅನ್ನುತ್ತಿದ್ದರು ಅವರು, ಮೂಳೆ ಚೀಪುತ್ತಾ. "ಎಂಥಾ ಕಾಲ ಬಂತು."

ಹೀಗೇ ಹೋಗಿ ಹೋಗಿ ಹಟ್ಟಿಯಲ್ಲಿ ಒಂದೇ ಹ್ಯಾಟೆ ಉಳಿಯಿತು. ಬೂದಿ ಬಣ್ಣದ್ದು. ಪಾರಿವಾಳಕ್ಕಿಂತ ಒಂದು ಗುಂಜಿ ದಪ್ಪ. ಬೇಲಿಯ ಮೂಲೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ.

ಅದನ್ನು ಕಂಡರೆ ಜವರನಿಗೆ ಅನುಮಾನ. ಯಾವಾಗ ನೋಡಿದರೂ ಅದು ಅವನನ್ನೇ ನೋಡುತ್ತಿರುತ್ತಿತ್ತು.

ಅಷ್ಟರಲ್ಲಿ ಗಾಳಿ ಸುದ್ದಿ ತಂತು. "ನಿನ್ನ ಮಾವ ಬರ್ತಿದ್ದಾನೆ. ಗುಡ್ಡ ಇಳಿದಾಯ್ತು. ಊರುಗೋಲು ಊರ್ಕೊಂಡು ಬರ್ತಿದ್ದಾನೆ."

ಮಾವ ಅಂದರೆ ದೊಡ್ಡೀರಯ್ಯ. ದೇವೀರಿಯ ಅಪ್ಪ. ಮಗಳು ಹೋದ ಮೇಲೆ ಅವನು ಈ ಕಡೆ ಬಂದಿರಲಿಲ್ಲ.

ಜವರ ಒಲೆಗೂ ಹಟ್ಟಿಗೂ ನಾಲ್ಕು ಸಲ ಓಡಾಡಿದ. ದಾರಿಹೋಕರಿಗೆಲ್ಲ ಕೋಳಿ ಹಾಕಿದವನು ಹೆಣ್ಣು ಕೊಟ್ಟ ಮಾವನಿಗೆ ಹಾಕದಿದ್ದರೆ ಆದೀತೇ? ಹಾಕೋಣ ಅಂದರೆ ಇರುವುದು ಒಂದು. ಅದನ್ನು ಕೊಯ್ದರೆ ದೇವೀರಿ ತಂದ ತಳಿ ಈ ಹಟ್ಟಿಯಿಂದ ಎದ್ದುಹೋಯಿತು.

ಕೊನೆಗೆ ಹಿಡಿ ರಾಗಿ ತೆಗೆದುಕೊಂಡು ಹಟ್ಟಿಗೆ ಇಳಿದ. ಮಂಡಿ ಊರಿ ಕೂತ. ಕೈ ಚಾಚಿದ.

ಹ್ಯಾಟೆ ಬರಲಿಲ್ಲ.

"ಬಾ," ಅಂದ. ಬರಲಿಲ್ಲ. "ಬಾ ಬಾ ಬಾ," ಅಂದ. ಅದು ನಾಲ್ಕು ಹೆಜ್ಜೆ ಬಂದು ನಿಂತಿತು. ಕತ್ತು ಓರೆ ಮಾಡಿತು. ಒಂದು ಕಣ್ಣಲ್ಲಿ ನೋಡಿತು. ಕತ್ತು ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿತು.

ಜವರನಿಗೆ ಆಶ್ಚರ್ಯವಾಯಿತು. ಅಲ್ಲಿಯವರೆಗೆ ಯಾವ ಕೋಳಿಯೂ ಹಾಗೆ ನೋಡಿರಲಿಲ್ಲ.

"ಏನು ನೋಡ್ತೀಯ? ರಾಗಿ ಕಾಣಲ್ವಾ?"

"ರಾಗಿ ಕಾಣುತ್ತೆ," ಅಂತು ಹ್ಯಾಟೆ. "ಕೈ ನೋಡ್ತಿದ್ದೀನಿ."

"ಕೈಯಲ್ಲೇನಿದೆ?"

"ನಮ್ಮವ್ವ ಹಿಂದೆ ಹಿಂದೇನೇ ನಿಲ್ತಿದ್ದಳು, ಒಂದು ದಿನ ಹಸಿವು ತಾಳದೆ ಆ ಕೈಲಿ ತಿಂದಳು. ಸಂಜೆಗೆ ಅವಳಿರಲಿಲ್ಲ. ದೊಡ್ಡಕ್ಕ ತಿಂದಳು. ಅವಳೂ ಇರಲಿಲ್ಲ. ಕೆಂಪು ಹುಂಜ ಇತ್ತಲ್ಲ, ಬಿಸಿಲು ಬಿದ್ದರೆ ಬೆಂಕಿ ಹೊತ್ತಿದ ಹಾಗೆ ಕಾಣ್ತಿತ್ತು, ಅದು ನಿನ್ನ ತೊಡೆ ಮೇಲೇ ಹತ್ತಿ ತಿಂದಿತ್ತು. ಅದೂ ಹೋಯ್ತು."

"ನೆಂಟರು ಬಂದಿದ್ದರು," ಅಂದ ಜವರ.

"ಬರ್ಲಿ. ನಾನು ನೋಡಿದ್ದು ಹೇಳ್ತೀನಿ. ದೊಡ್ಡವು ಮೊದಲು ಓಡಿ ಬಂದವು. ಅವು ಹೋದವು. ನಡುವಿನವು ಬಂದವು. ಅವೂ ಹೋದವು. ಗೋಡೆ ಪಕ್ಕ ನಿಂತಿದ್ದವು, ಅಂಜುಬುರುಕವು, ಸಣಕಲು, ಅವು ಉಳಿದವು. ಉಳಿದವೇ ಮೊಟ್ಟೆ ಇಟ್ಟವು. ಸಣಕಲಿನ ಮೊಟ್ಟೇಲಿ ಸಣಕಲೇ ಹುಟ್ಟಿತು. ಹಿಂದೆ ನಿಂತವಳ ಮಗಳು ನಾನು. ನನ್ನ ಮೈ ಯಾರು ಕದ್ದರು ಅಂತ ಊರೆಲ್ಲ ಕೇಳಿದೆಯಲ್ಲ. ನನ್ನ ಒಂದು ಮಾತು ಕೇಳಲಿಲ್ಲ."

ಜವರನ ಚಾಚಿದ ಕೈ ಚಾಚಿದ ಹಾಗೇ ಇತ್ತು. ಅದನ್ನೇ ನೋಡಿದ. ಯಾವತ್ತೂ ನೋಡದ ಹಾಗೆ ನೋಡಿದ.

ಗಾಳಿ ಹೇಳಿದ್ದು ನೆನಪಾಯಿತು. ಹಳ್ಳ ಹೇಳಿದ್ದು ನೆನಪಾಯಿತು. ದೊಡ್ಡದು ಯಾರ ಕೈಗೆ ಸಿಗುತ್ತೋ ಅವರನ್ನು ಹಿಡಿ ಅಂತ ಮುಂಗುಸಿ ಅಂದದ್ದೂ ನೆನಪಾಯಿತು.

ಕೈ ಕೆಳಗೆ ಬಗ್ಗಿಸಿ ರಾಗಿಯನ್ನು ನೆಲಕ್ಕೆ ಸುರಿದ. ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ. ಹಿಂದೆ ಸರಿದು ಕೂತ.

ಹ್ಯಾಟೆ ಬಂತು. ತಿನ್ನಲಿಲ್ಲ. ರಾಗಿಯನ್ನು ಒಂದು ಕಾಲಲ್ಲಿ ಕೆದಕಿತು. ಇನ್ನೊಂದು ಕಾಲಲ್ಲಿ ಕೆದಕಿತು. ಚಂಗನೆ ಹಿಂದೆ ಸರಿದು ನೋಡಿತು. ಕಾಳಿನ ಕೆಳಗಿನಿಂದ ಯಾವ ಕೈಯೂ ಏಳಲಿಲ್ಲ. ಆಮೇಲೆ ತಿಂದಿತು.

ದೊಡ್ಡೀರಯ್ಯ ಬಂದ. ಕಾಲು ತೊಳೆದ. ಜವರ ಗೋಡೆಗೆ ಒರಗಿಸಿದ್ದ ಮಣೆ ತಂದು ಹಾಕಿದ. ಮುದುಕ ಕೂರಲಿಲ್ಲ. ಹಟ್ಟಿಯ ಕಡೆಗೇ ನೋಡಿದ.

"ಏನಯ್ಯ ಅಳಿಯ, ನನ್ನ ಮಗಳು ತಂದ ಕೋಳಿ ಎಲ್ಲಿ?"

ಜವರ ಮೂಲೆ ತೋರಿಸಿದ.

"ಇದಾ? ನಾನು ಕೊಟ್ಟಿದ್ದು ಕೋಳಿ ಕಣಯ್ಯ. ಗುಬ್ಬಿ ಅಲ್ಲ."

"ಕಳ್ಳತನ ಆಯ್ತು ಮಾವ."

"ಕಳ್ಳ ಸಿಕ್ಕಿದನಾ?"

"ಸಿಕ್ಕಿದ."

"ಯಾರು?"

ಜವರ ತನ್ನ ಅಂಗೈ ಬಿಚ್ಚಿ ತೋರಿಸಿದ.

ಮುದುಕ ಆ ಕೈಯನ್ನು ನೋಡಿದ. ಅಳಿಯನ ಮುಖ ನೋಡಿದ. ಮತ್ತೆ ಕೈ ನೋಡಿದ. ಮೆಲ್ಲಗೆ ಮಣೆಯ ಮೇಲೆ ಕೂತ.

"ಊಟಕ್ಕೇನು?"

"ಮುದ್ದೆ. ಅಣ್ಣೆ ಸೊಪ್ಪಿನ ಸಾರು," ಅಂದ ಜವರ. ತಲೆ ಎತ್ತಲಿಲ್ಲ.

"ಹಾಕು ಮತ್ತೆ. ನಿಂತ್ಕೊಂಡು ಏನು ನೋಡ್ತೀಯ?"

ಮುದುಕ ಎರಡನೇ ತುತ್ತು ಮುರಿಯುವ ಹೊತ್ತಿಗೆ ಮಂಚವ್ವ ಬಂದಳು. ತಲೆಯ ಮೇಲೆ ಗಡಿಗೆ. ಗಾಳಿ ಅವಳಿಗೂ ಸುದ್ದಿ ಮುಟ್ಟಿಸಿತ್ತು. ಭಾವನನ್ನು ನೋಡಿಯೂ ನೋಡದ ಹಾಗೆ ಅಪ್ಪನ ಮುಂದೆ ಗಡಿಗೆ ಇಳಿಸಿದಳು.

"ಅಪ್ಪ, ಕೋಳಿ ಸಾರು ತಂದಿದ್ದೀನಿ. ಮುದಿಯಾಗಿ ಮೊಟ್ಟೆ ನಿಲ್ಲಿಸಿತ್ತು. ಬೆಳಗಿಂದ ಬೇಯಿಸ್ತಿದ್ದೀನಿ."

ಮುದುಕ ಒಂದು ತುಂಡು ಬಾಯಿಗೆ ಹಾಕಿಕೊಂಡ. ಆ ದವಡೆಗೆ ಹಾಕಿದ, ಈ ದವಡೆಗೆ ಹಾಕಿದ. ತೆಗೆದು ತಟ್ಟೆಯ ಅಂಚಿಗಿಟ್ಟ.

"ಇದನ್ನ ತಿನ್ನಬೇಕಾದರೆ ನಾನು ಇನ್ನೊಂದು ಸಲ ಹುಟ್ಟಿ ಹಲ್ಲು ತರಬೇಕು ಕಣವ್ವ. ನಿಮ್ಮಕ್ಕಂದೂ ಇದೇ ಗುಣ. ನಿಮ್ಮವ್ವಂದೂ ಇದೇ. ಆಯಸ್ಸೆಲ್ಲ ಮುದಿ ಕೋಳೀನೇ ತಿಂದೆ. ಹಟ್ಟೀಲಿ ಮಾತ್ರ ನವಿಲಿನಂಥವು ಓಡಾಡ್ತಿದ್ದವು."

ಮಂಚವ್ವ ಹಟ್ಟಿಯ ಕಡೆ ಕಣ್ಣು ಹಾಯಿಸಿದಳು. ಬೂದಿ ಹ್ಯಾಟೆ ಮೂಲೆಯಲ್ಲಿ ಕೆದಕುತ್ತಿತ್ತು. ತಟ್ಟೆಯಲ್ಲಿ ಸೊಪ್ಪು ಇತ್ತು. ಹ್ಯಾಟೆಯನ್ನೂ ಸೊಪ್ಪನ್ನೂ ಬದಲಿಸಿ ಬದಲಿಸಿ ನೋಡಿದಳು.

"ಭಾವ, ಮೈ ಹುಷಾರಿದೆ ತಾನೆ?"

"ಮಂಚವ್ವ," ಅಂದ ಜವರ. ನಿಂತ. "ನಿನ್ನ ಹುಂಜ ಒಂದು ಕೊಡು."

ಅವಳ ಕಣ್ಣು ಕಿರಿದಾಯಿತು. ಈಗ ಅನುಮಾನಪಡುವ ಸರದಿ ಅವಳದು.

"ಯಾತಕ್ಕೆ? ಸಾರಿಗೋ, ತಳಿಗೋ?"

"ತಳಿಗೆ."

"ನಾಳೆ ಯಾರೋ ದಾರೀಲಿ ಹೋಗೋನು ಕೆಮ್ಮಿದರೆ?"

"ಸೊಪ್ಪಿದೆ."

ಮಂಚವ್ವ ಅಪ್ಪನ ಮುಖ ನೋಡಿದಳು. ಮುದುಕ ಸೊಪ್ಪಿನ ಸಾರು ಸೊರ್ರನೆ ಹೀರಿ, "ಚೆನ್ನಾಗಿದೆ," ಅಂದ. ಸಾರಿಗೋ ಅಳಿಯನ ಮಾತಿಗೋ, ಹೇಳಲಿಲ್ಲ.

"ಕೊಡ್ತೀನಿ," ಅಂದಳು ಮಂಚವ್ವ. "ಆದರೆ ನಂಬಿ ಕೊಡಲ್ಲ. ದಿನಾ ಬೆಳಗ್ಗೆ ಅದರ ಕೂಗು ನಮ್ಮನೆಗೆ ಕೇಳಬೇಕು. ಒಂದು ದಿನ ಕೇಳಲಿಲ್ಲ ಅಂದರೆ ಒನಕೆ ತಗೊಂಡು ಬರ್ತೀನಿ."

ಹುಂಜ ಬಂತು. ಮೈಯೆಲ್ಲ ಕೆಂಪು, ಬಾಲ ಕಪ್ಪು. ಹಟ್ಟಿಗೆ ಬಿಟ್ಟ ತಕ್ಷಣ ರೆಕ್ಕೆ ಕೆಳಗಿಳಿಸಿ ಬೂದಿ ಹ್ಯಾಟೆಯ ಸುತ್ತ ಒಂದು ಸುತ್ತು ಬಂತು.

ಹ್ಯಾಟೆ ಅದನ್ನೂ ಕತ್ತು ಓರೆ ಮಾಡಿ ನೋಡಿತು. "ನೀನು ಯಾರ ಕಡೆಯವನು?"

"ಕಾಳಿನ ಕಡೆಯವನು," ಅಂತು ಹುಂಜ.

ಒಂದು ಬೆಳಗ್ಗೆ ಮಂಜು ಕವಿದು ಹುಂಜಕ್ಕೆ ಗಂಟಲು ಕಟ್ಟಿತು. ಕೂಗು ಹೊರಡಲಿಲ್ಲ. ಸೂರ್ಯ ಮಾರು ಏರುವ ಮುಂಚೆ ಮಂಚವ್ವ ಒನಕೆ ಹೆಗಲ ಮೇಲಿಟ್ಟುಕೊಂಡು ಹಳ್ಳ ದಾಟಿ ಬಂದಳು. ಬಂದು ನೋಡಿದರೆ ಜವರ ಹುಂಜವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಮೆಣಸಿನ ನೀರು ಕುಡಿಸುತ್ತಿದ್ದ. ಒನಕೆಯನ್ನು ಬಾಗಿಲಲ್ಲಿ ಒರಗಿಸಿ ಅವಳೂ ಕೂತು ಅದರ ಕೊಕ್ಕು ಬಿಡಿಸಿ ಹಿಡಿದಳು.

ದಾರಿಯ ಜನ ಬರುವುದು ನಿಲ್ಲಲಿಲ್ಲ. "ಏನು ಜವರ, ಕೋಳಿ ಕಾಲಿಲ್ವಾ?" ಅನ್ನುತ್ತಿದ್ದರು. ಹುಂಜದ ಮೇಲೆ ಅವರ ಕಣ್ಣು ಹೋಗುತ್ತಿತ್ತು. ಜವರನ ಕಣ್ಣು ಅವರ ಕಣ್ಣಿನ ಹಿಂದೆ ಹೋಗುತ್ತಿತ್ತು.

"ಸೊಪ್ಪಿದೆ," ಅನ್ನುತ್ತಿದ್ದ.

ಕೆಲವರು ಮತ್ತೆ ಬರಲಿಲ್ಲ. ಕೆಲವರು ಬಂದರು. ಬಂದವರು ಸೊಪ್ಪು ತಿಂದೂ ಮಾತಾಡಿದರು. ಮಾತಿಗೆ ಕೋಳಿ ಬೇಕಿರಲಿಲ್ಲ ಅನ್ನುವುದು ಜವರನಿಗೆ ಆಗ ಗೊತ್ತಾಯಿತು.

ಬೂದಿ ಹ್ಯಾಟೆ ಮೊಟ್ಟೆ ಇಟ್ಟಿತು. ಇಟ್ಟು ಇಟ್ಟು ಕಾವಿಗೆ ಬಂತು. ಜವರ ಮಂಕರಿಗೆ ಮರಳು ಹಾಕಿ, ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಇದ್ದಿಲ ಚೂರು ಇಟ್ಟ. ಆಮೇಲೆ ಮೊಟ್ಟೆ ಆರಿಸಲು ಕೂತ.

ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಸಣ್ಣದು ಕೈಗೆ ಬಂತು. "ಅದಲ್ಲ," ಅಂದ. ದೊಡ್ಡದು ಬಂತು, ಅಂಚು ನುಣುಪಾದದ್ದು. "ಅದು," ಅಂದ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿತು. ಸ್ವಲ್ಪ ಹೊತ್ತು ಮೊಟ್ಟೆ ಹಿಡಿದುಕೊಂಡು ಹಾಗೇ ಕೂತಿದ್ದ. ಬಿಸಿಲು ಜರುಗಿತು. ಮತ್ತೆ ಆರಿಸಿದ.

ದಿನ ತುಂಬಿತು. ಮರಿಯಾದವು. ದಪ್ಪ ಕಾಲು, ಅಗಲ ಎದೆ. ಒಂದನ್ನು ಅಂಗೈಯಲ್ಲಿಟ್ಟರೆ ಅಂಗೈ ತುಂಬಿತು. ಹಳ್ಳದ ಆಚೆಯಿಂದ ಮಂಚವ್ವ ಬಂದು ನೋಡಿದಳು. "ನಮ್ಮಕ್ಕನ ಮರಿಗಳೇ," ಅಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಜವರ ಬೇರೆ ಕಡೆ ನೋಡಿದ.

ಕಳೆದುಹೋದ ಮೈ ಬಂತು. ಪೂರಾ ಅಲ್ಲ. ತೊಡೆಯವರೆಗೆ ಬರುತ್ತಿದ್ದ ಹುಂಜ ಈಗ ಮಂಡಿಯವರೆಗೆ ಬಂತು. ಆದರೂ ಬಂತು.

ಬಾರದೆ ಉಳಿದದ್ದು ಒಂದೇ.

ಮರಿಗಳಿಗೆ ಅಂತ ಜವರ ನುಚ್ಚು ತಂದು ನೆಲಕ್ಕೆ ಚೆಲ್ಲಿದ. ಮರಿಗಳು ನುಗ್ಗಲು ಹೋದವು. ತಾಯಿ ರೆಕ್ಕೆ ಅಡ್ಡ ಹಾಕಿತು. ಕತ್ತು ಓರೆ ಮಾಡಿ ಜವರನ ಕೈ ನೋಡಿತು. ಕಾಲಲ್ಲಿ ಕೆದಕಿತು. ಹಿಂದೆ ಸರಿಯಿತು. ಕಾದಿತು. ಆಮೇಲೆ, "ಕೊಕ್ ಕೊಕ್, ಈಗ ತಿನ್ನಿ," ಅಂತು.

ಮರಿಗಳೂ ಕತ್ತು ಓರೆ ಮಾಡಿದವು. ಚೂರು ಚೂರು ಕಾಲಲ್ಲಿ ಕೆದಕಿದವು. ಹಿಂದೆ ಸರಿದು ಒಂದರ ಮೇಲೊಂದು ಬಿದ್ದವು. ಎದ್ದು ತಿಂದವು.

ಜವರನಿಗೆ ನಗು ಬಂತು. ನಗುವಿನ ಹಿಂದೆ ಇನ್ನೇನೋ ಬಂತು.

"ಮರಿಗಳನ್ನಾದರೂ ತಿನ್ನೋಕೆ ಬಿಡೇ," ಅಂದ. "ನಿನ್ನ ಹೊಟ್ಟೇಲಿ ಹುಟ್ಟಿದವನ್ನ ನಾನು ಮುಟ್ಟಲ್ಲ. ನನ್ನ ನಂಬಲ್ವಾ?"

ಹ್ಯಾಟೆ ಅವನನ್ನು ಬಹಳ ಹೊತ್ತು ನೋಡಿತು. ಒಂದು ಕಣ್ಣಲ್ಲಿ. ಆಮೇಲೆ ಇನ್ನೊಂದು ಕಣ್ಣಲ್ಲಿ.

"ನಂಬ್ತೀನಿ," ಅಂತು. "ಆದರೂ ನೋಡ್ತೀನಿ."

ಜವರ ಇನ್ನೊಂದು ಹಿಡಿ ನುಚ್ಚು ಚೆಲ್ಲಿ ಹಿಂದೆ ಸರಿದು ಕೂತ.

ಆ ಮರಿಗಳು ಬೆಳೆದವು. ಅವಕ್ಕೆ ಮರಿಯಾದವು. ಬೆಟ್ಟದ ಸುತ್ತಲಿನವರು ಬಂದು, ತಳಿ ಚೆನ್ನಾಗಿದೆ, ಕಾವಿಗೆ ನಾಲ್ಕು ಮೊಟ್ಟೆ ಕೊಡು ಅಂತ ಕೇಳಿದರು. ಜವರ ದೊಡ್ಡವನ್ನೇ ಆರಿಸಿ ಕೊಟ್ಟ. ಮೊಟ್ಟೆ ಊರೂರಿಗೆ ಹೋಯಿತು. ಮೊಟ್ಟೆಯ ಜೊತೆ ಮೈ ಹೋಯಿತು, ಮೈಯ ಜೊತೆ ಆ ನೋಟವೂ ಹೋಯಿತು. ಕೋಳಿಗಳು ಮನುಷ್ಯರ ಜೊತೆ ಮಾತು ಬಿಟ್ಟವು. ನೋಡುವುದನ್ನು ಬಿಡಲಿಲ್ಲ.

ಅದಕ್ಕೇ ಕಣ ಮಗ, ಇವತ್ತಿಗೂ ನೀನು ಎಷ್ಟೇ ಅಕ್ಕರೆಯಿಂದ ರಾಶಿ ಕಾಳು ಸುರಿದರೂ ಕೋಳಿ ಮೊದಲು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನಿನ್ನ ಕೈ ನೋಡುತ್ತದೆ, ಕಾಲಲ್ಲಿ ಕೆದಕಿ ಹಿಂದೆ ಸರಿಯುತ್ತದೆ, ಆಮೇಲೇ ತಿನ್ನುತ್ತದೆ.